ವಿಳಾಸದ ತಿದ್ದುವಿಕೆ: ಬ್ಯಾಡಗಿ ಪರಿಸರದ ಅಂಚೆಯ ರೂಢಿ ಮತ್ತು ಮಿಂಚಂಚೆ

ಹಾವೇರಿ ಜಿಲ್ಲೆಯ ಬ್ಯಾಡಗಿ, ರಾಣೆಬೆನ್ನೂರು ಪರಿಸರದ ಸ್ಥಳನಾಮಗಳನ್ನು ಅಭ್ಯಸಿಸುವವರು ಶಾಸನ, ಕೈಫಿಯತ್ತುಗಳೊಡನೆ ಗಮನಿಸಬೇಕಾದ ಇನ್ನೊಂದು ಆಕರವೆಂದರೆ ಲಕೋಟೆಯ ಮೇಲಿನ ವಿಳಾಸ. ಅದು ತಪ್ಪಾಗಿದ್ದಾಗ ಯಾರು, ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬುದು ಅಂಚೆಗಿರುವಂತೆಯೇ ಮಿಂಚಂಚೆಗೂ ಇರುವ ಪ್ರಶ್ನೆಯಾಗಿದೆ.

ಬ್ಯಾಡಗಿ ತಾಲ್ಲೂಕಿನಲ್ಲಿ ಮೋಟೆಬೆನ್ನೂರು ಇದೆ, ನೆರೆಯಲ್ಲಿ ರಾಣೆಬೆನ್ನೂರು. ಮನೆಯ ಮಾತಿನಲ್ಲಿ 'ಬೆನ್ನೂರು' ಎಂದಷ್ಟೇ ಹೇಳಿದರೆ ಕೇಳುವವನಿಗೆ ಯಾವುದೆಂದು ಸಂದರ್ಭದಿಂದಲೇ ತಿಳಿಯುತ್ತದೆ. ದೂರದ ಊರಿನಲ್ಲಿ ಕಾಗದ ವಿಂಗಡಿಸುವವನಿಗೆ ಆ ಸಂದರ್ಭ ದೊರೆಯದು. 'ಮು. ಪೋ., ತಾ., ಜಿ.' ಎಂದು ಕಿರಿದರಿಂದ ಹಿರಿದಕ್ಕೆ ಏರುವ ಈ ಭಾಗದ ಬರವಣಿಗೆಯ ರೂಢಿ ಹುಟ್ಟಿದ್ದೇ ಈ ಕೊರತೆಯನ್ನು ತುಂಬಲು. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾದ ಮೇಲೆ, ಹಳೆಯ ರೂಢಿಯಂತೆ 'ಜಿ. ಧಾರವಾಡ' ಎಂದು ಬರೆದ ವಿಳಾಸಗಳೂ ತಿದ್ದುಪಡಿಗೆ ಒಳಗಾಗಬೇಕಾಯಿತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಇಲ್ಲಿ ನೆರವಾಗುತ್ತದೆ. ಬ್ಯಾಡಗಿಯ ಹೆಸರನ್ನು ರೋಮನ್ ಲಿಪಿಯಲ್ಲಿ ಹೇಗೆ ಬರೆದರೂ 581106 ಎಂಬ ಸಂಖ್ಯೆಯಿದ್ದರೆ ಕಾಗದ 581115ರ ರಾಣೆಬೆನ್ನೂರಿಗೆ ಹೋಗದು.

ಮಿಂಚಂಚೆಯ ಸರ್ವರ್ ಮಾಡುವುದೂ ಇದೇ ಕೆಲಸವನ್ನು. ಒಂದು ಕಚೇರಿಯೊಳಗೆ ಬರಿಯ ಹೆಸರನ್ನೋ ಗಣಕದ ಕಿರುಹೆಸರನ್ನೋ ಬರೆದು ಕಳುಹಿಸಿದ ಓಲೆಗೆ ಸರ್ವರ್ ತನ್ನ ಡೊಮೇನ್ ಹೆಸರನ್ನು ಜೋಡಿಸಿ ವಿಳಾಸವನ್ನು ಪೂರ್ಣಗೊಳಿಸಬಲ್ಲದು. 1980ರ ದಶಕದಲ್ಲಿ ಕೆಲವು ಜಾಲಗಳ ವಿಳಾಸಗಳು ಹಾದುಹೋಗುವ ಗಣಕಗಳ ಹೆಸರುಗಳನ್ನೇ ಸಾಲಾಗಿ ಪೋಣಿಸಿದ ದಾರಿಗಳಾಗಿದ್ದವು. ನಮ್ಮವರು ಲಕೋಟೆಯ ಮೇಲೆ ಬರೆಯುವ 'ವ್ಹಾಯಾ ಬ್ಯಾಡಗಿ'ಯನ್ನು ಇದಕ್ಕೆ ಹೋಲಿಸಬಹುದು. ಇಂಥ ಬಗೆಬಗೆಯ ರೂಪಗಳನ್ನು ಒಂದರಿಂದ ಇನ್ನೊಂದಕ್ಕೆ ಮಾರ್ಪಡಿಸುವ ನಿಯಮಗಳೇ ಎರಿಕ್ ಆಲ್ಮನ್ ಬರ್ಕ್ಲಿಯಲ್ಲಿ ರಚಿಸಿದ ಸೆಂಡ್‌ಮೇಲ್ ತಂತ್ರಾಂಶದ ತಿರುಳು.

ಆದರೆ ತಿದ್ದುವವನ ಅಧಿಕಾರಕ್ಕೆ ಗಡಿಯಿದೆ. 2008ರ ಆರ್.ಎಫ್.ಸಿ. 5321 ಎಂಬ ನಿಯಮಾವಳಿಯ ಪ್ರಕಾರ '@' ಚಿಹ್ನೆಯ ಎಡಭಾಗವನ್ನು ಅರ್ಥೈಸುವ ಹಕ್ಕು ಬಲಭಾಗದಲ್ಲಿ ಹೆಸರಿಸಲಾದ ಗಣಕಕ್ಕೆ ಮಾತ್ರ ಸೇರಿದ್ದು. ನಡುದಾರಿಯವರು ಅದನ್ನು ಮುಟ್ಟಬಾರದು. ಈ ನಿಯಮದ ಔಚಿತ್ಯ ಬ್ಯಾಡಗಿಯ ಅಡ್ಡಹೆಸರುಗಳನ್ನು ಬಲ್ಲವರಿಗೆ ಬೇಗ ಮನದಟ್ಟಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ ಎಂಬಿವು ಮನೆತನದ ಹೆಸರುಗಳೂ ಹೌದು. ಮೆಣಸಿನಕಾಯಿ ಪೇಟೆಗೆ ಹೆಸರಾದ ಊರಿಗೆ 'ಮೆಣಸಿನಕಾಯಿ, ಬ್ಯಾಡಗಿ' ಎಂದು ಬಂದ ಕಾಗದವನ್ನು ಹೊರಗಿನವನು ದಲಾಲಿ ಅಂಗಡಿಗೆ ಸೇರಿದ್ದೆಂದು ಊಹಿಸಿದರೆ ಅಚ್ಚರಿಯಿಲ್ಲ. 'ಬ್ಯಾಡಗಿ' ಎಂಬುದೂ ಅಡ್ಡಹೆಸರೇ. ಹುಬ್ಬಳ್ಳಿಯಲ್ಲಿರುವ ಬ್ಯಾಡಗಿಯವರ ಕಾಗದ ಬ್ಯಾಡಗಿಗೇ ಹೋಗಿಬಿಡಬಹುದು. ಊರ ಪೋಸ್ಟ್‌ಮ್ಯಾನ್‌ಗೆ ಮಾತ್ರ ಈ ಗೊಂದಲವಿಲ್ಲ.

ಬಲಭಾಗದ ತಿದ್ದುವಿಕೆಯೂ ನಿರಪಾಯಕರವಲ್ಲ. ಜಿಮೇಲ್ ಎಂಬುದರ ಅಕ್ಷರಗಳು ಅದಲುಬದಲಾದಾಗ ಸರ್ವರ್ ಸದ್ದಿಲ್ಲದೆ ಸರಿಪಡಿಸಲಿ ಎಂದು ಬಯಸುವವರುಂಟು. ಆದರೆ ಆ ತಪ್ಪು ಕಾಗುಣಿತವೇ ಇನ್ನೊಬ್ಬರು ನೋಂದಾಯಿಸಿಕೊಂಡ ನಿಜವಾದ ಡೊಮೇನ್ ಆಗಿರಬಹುದು. ಅಂಗಡಿಯಿಂದ ಗುಂಟೂರಿಗೆ ಹೊರಟ ದರಪಟ್ಟಿ ಬೇರೊಬ್ಬ ವ್ಯಾಪಾರಿಯ ಕೈಸೇರುವುದಕ್ಕಿಂತ ಕಳುಹಿಸಿದವನಿಗೆ ಮರಳುವುದೇ ಲೇಸೆಂದು ಪ್ರಸ್ತುತ ಲೇಖಕನ ಅಭಿಪ್ರಾಯ.

ಸಂಶೋಧಕರೂ ಗ್ರಂಥಾಲಯಗಳೂ ಲಕ್ಷ್ಯವಿಡಬೇಕಾದ ಅಂಶ ಇನ್ನೊಂದಿದೆ. ಲಕೋಟೆಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ತಿದ್ದಿ ಬರೆದಾಗ ಮೂಲರೂಪ ಓದಲು ಉಳಿಯುತ್ತದೆ. 'ಬೆನ್ನೂರು' ಎಂಬ ಆಡುರೂಪ ನಮಗೆ ಸಿಗುವುದೇ ಹೀಗೆ. ಮಿಂಚಂಚೆಯಲ್ಲಿ ಹಾಗಲ್ಲ. ವೀಟ್ಸೆ ವೆನೆಮಾ ರೂಪಿಸಿದ ಪೋಸ್ಟ್‌ಫಿಕ್ಸ್‌ನಲ್ಲಿ 'ವರ್ಚುವಲ್' ಕೋಷ್ಟಕ ರವಾನೆಗೆ ಬಳಸುವ ಹೊರ ವಿಳಾಸವನ್ನಷ್ಟೇ ಬದಲಿಸುತ್ತದೆ. 'ಕೆನಾನಿಕಲ್' ಕೋಷ್ಟಕವಾದರೋ ಸಾಮಾನ್ಯವಾಗಿ ಓಲೆಯ ತಲೆಬರಹದಲ್ಲಿರುವ ವಿಳಾಸವನ್ನೂ ಬದಲಿಸುತ್ತದೆ. ಆದುದರಿಂದ ಮಿಂಚಂಚೆಗಳನ್ನು ಸಂಗ್ರಹಿಸುವವರು ಅವು ಹಾದುಬಂದ ಸರ್ವರ್‌ನ ತಿದ್ದುಪಡಿ ಕೋಷ್ಟಕಗಳ ಪ್ರತಿಯನ್ನೂ ಜೊತೆಯಲ್ಲಿಯೇ ಇರಿಸತಕ್ಕದ್ದು.