ಊರಿಗೊಂದು ಬ್ಯಾಕ್ಟೀರಿಯಾ ಲ್ಯಾಬ್: ಎಣಿಸೋಕೆ ಬೇಕು, ಜೀನ್ ತಿದ್ದೋಕಲ್ಲ

"ಅಣ್ಣಾ, ನಾವೇ ನಾಲ್ಕು ಜನ ಸೇರಿ ಒಂದು ಲ್ಯಾಬ್ ಹಾಕಿ, ಬ್ಯಾಕ್ಟೀರಿಯಾದ ಜೀನ್ ಬದಲಾಯಿಸಿ ಅಡಿಕೆಯ ಅಣಬೆ ರೋಗಕ್ಕೆ ಏನಾದ್ರೂ ಮಾಡಬಹುದಲ್ವಾ?" ಚನ್ನಗಿರಿ, ನ್ಯಾಮತಿ ಕಡೆಯ ಓದಿದ ಹುಡುಗರು ಈಚೆಗೆ ಹೀಗೆ ಕೇಳ್ತಾರೆ. ನಗೋ ಪ್ರಶ್ನೆ ಅಲ್ಲ ಇದು.

ಯಾಕಂದ್ರೆ ನಮ್ಮ ಬೆಂಗಳೂರಿನಲ್ಲೇ ಇಂಥದ್ದು ಆಗಿದೆ. 2009ರಲ್ಲಿ ಸೃಷ್ಟಿ ಕಲಾ ಶಾಲೆಯ ವಿದ್ಯಾರ್ಥಿಗಳು ಜಿಕೆವಿಕೆ ಆವರಣದ ಎನ್‌ಸಿಬಿಎಸ್ ವಿಜ್ಞಾನಿಗಳ ನೆರವಿನಿಂದ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಮೊದಲ ಮಳೆಯ ಮಣ್ಣಿನ ವಾಸನೆ ಬರಿಸುವ ಕೆಲಸಕ್ಕೆ ಕೈ ಹಾಕಿದರು. ಅಮೆರಿಕದ ಐಜೆಮ್ ಸ್ಪರ್ಧೆಗೆ ಅದನ್ನೇ ಒಯ್ದರು. ಅವರಲ್ಲಿ ಯಾರೂ ಜೀವಶಾಸ್ತ್ರ ಓದಿದವರಲ್ಲ, ಚಿತ್ರ, ವಿನ್ಯಾಸ ಕಲಿಯೋರು! ಆ ವಾಸನೆಯ ಹೆಸರು ಜಿಯೋಸ್ಮಿನ್. ನಮ್ಮ ಹೊಲದ ಮಣ್ಣಲ್ಲಿರುವ ಸ್ಟ್ರೆಪ್ಟೊಮೈಸಿಸ್ ಅನ್ನುವ ಜೀವಿ ಅದನ್ನ ತಯಾರಿಸುತ್ತೆ. ಮರುವರ್ಷ, 2010ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜೆನ್‌ಸ್ಪೇಸ್ ಅನ್ನುವ ಸಾರ್ವಜನಿಕ ಲ್ಯಾಬ್ ಶುರುವಾಯಿತು.

ಹಾಗಾದ್ರೆ ಹೊನ್ನಾಳಿಯಲ್ಲಿ ಯಾಕಾಗಬಾರದು? ಕೈಕೆಲಸ ಅಂಥ ಕಷ್ಟದ್ದಲ್ಲ. ಬೇಕಾದ ಜೀನನ್ನು ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರಕ್ಕೆ ಸೇರಿಸಿ, ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ತಣ್ಣಗಿಟ್ಟ ಬ್ಯಾಕ್ಟೀರಿಯಾಕ್ಕೆ ಬೆರೆಸಿ, 42 ಡಿಗ್ರಿ ಶಾಖದಲ್ಲಿ ಒಂದು ನಿಮಿಷದೊಳಗೆ ಬಿಸಿ ಮುಟ್ಟಿಸ್ತಾರೆ. ತೊಡಕು ಇರೋದು ಆಮೇಲೆ. ಯಾವ ಬ್ಯಾಕ್ಟೀರಿಯಾ ಉಂಗುರ ನುಂಗಿತು ಅಂತ ತಿಳಿಯೋಕೆ ಆ ಉಂಗುರದಲ್ಲೇ ಆ್ಯಂಟಿಬಯೋಟಿಕ್ ತಡೆಯುವ ಜೀನ್ ಒಂದನ್ನೂ ಸಾಮಾನ್ಯವಾಗಿ ಇಟ್ಟಿರುತ್ತಾರೆ. ತೊಳೆದ ನೀರು ಚರಂಡಿ ಸೇರಿ, ಅಲ್ಲಿಂದ ತಿಪ್ಪೆಗೆ ಹೋದ್ರೆ ಆ ಜೀನ್ ಬೇರೆ ಬ್ಯಾಕ್ಟೀರಿಯಾಕ್ಕೂ ದಾಟಬಹುದು. ದನದ ಕೆಚ್ಚಲು ಬಾವಿಗೆ ಕೊಡೋ ಔಷಧಿ ಕೆಲಸ ಮಾಡದೆ ಹೋದರೆ ಅನುಭವಿಸೋರು ನಾವೇ.

ಕಾನೂನೂ ಅಡ್ಡ ಇದೆ. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮದ ಪ್ರಕಾರ ಇಂಥ ಪ್ರಯೋಗಕ್ಕೆ ಜೈವಿಕ ಸುರಕ್ಷತಾ ಸಮಿತಿ ಇರುವ ಸಂಸ್ಥೆಯೇ ಬೇಕು. ಹೊಲಕ್ಕೆ ಬಿಡಬೇಕಂದ್ರೆ ದೆಹಲಿಯ ಜಿಇಎಸಿ ಒಪ್ಪಬೇಕು. ನಮ್ಮಂಥ ಸಾವಯವ ದೃಢೀಕರಣದವರಿಗಂತೂ ಕುಲಾಂತರಿ ಯಾವ ರೂಪದಲ್ಲೂ ನಿಷಿದ್ಧ. ಇದು ಸರಿ ಅಂತಲೇ ನನ್ನ ಅಭಿಪ್ರಾಯ.

ಆದರೆ ಲ್ಯಾಬ್ ಬೇಡ ಅಂತ ನಾನು ಹೇಳಲ್ಲ. ಜಗಳೂರಿನಲ್ಲಿ ಶೇಂಗಾ ಬೀಜಕ್ಕೆ ರೈಜೋಬಿಯಂ ಹಚ್ತೀವಿ. ಪ್ಯಾಕೆಟ್ ತಗಡಿನ ಶೆಡ್ಡಿನಲ್ಲಿ ಬಿಸಿಲಿಗೆ ಬೆಂದಿದ್ದರೆ ನಾವು ಹಚ್ಚಿದ್ದು ಬರೀ ಕರಿ ಪುಡಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿಯ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವದ ಒಂದು ಮಿ.ಲೀ.ನಲ್ಲಿ 10 ಕೋಟಿ ಜೀವಂತ ಕೋಶ ಇರಬೇಕು. ಇದನ್ನ ನಾವೇ ಎಣಿಸಬಹುದು ನೋಡಿ.

ಪ್ರೆಶರ್ ಕುಕ್ಕರ್, ಸ್ಪಿರಿಟ್ ದೀಪ, ಗಾಜಿನ ಪೆಟ್ರಿ ತಟ್ಟೆ, ಪಿಪೆಟ್, ಕಾಂಗೊ ರೆಡ್ ಬಣ್ಣ ಸೇರಿಸಿದ ಯೀಸ್ಟ್-ಮ್ಯಾನಿಟಾಲ್ ಅಗಾರ್ ಪುಡಿ, ಇಷ್ಟು ಸಾಕು. (ಅಗಾರ್ ಅಂದ್ರೆ ಅಡುಗೆಮನೆಯ ಚೈನಾ ಗ್ರಾಸ್.) ನೀರು, ತಟ್ಟೆ, ಅಗಾರ್ ಎಲ್ಲವನ್ನೂ ಕುಕ್ಕರಿನಲ್ಲಿ 20 ನಿಮಿಷ ಬೇಯಿಸಿ. ಫ್ಯಾನ್ ಆರಿಸಿದ ಕೋಣೆಯಲ್ಲಿ ದೀಪದ ಪಕ್ಕ ಕೂತು, 1 ಗ್ರಾಂ ಪುಡಿಯನ್ನು 9 ಮಿ.ಲೀ. ನೀರಿಗೆ ಹಾಕಿ ಚೆನ್ನಾಗಿ ಕುಲುಕಿ. ಅದರಲ್ಲಿ 1 ಮಿ.ಲೀ. ತೆಗೆದು ಮತ್ತೆ 9 ಮಿ.ಲೀ.ಗೆ. ಹೀಗೆ ಇನ್ನೂ ಮೂರು ಸಲ. ಈಗ ಅದು ಲಕ್ಷ ಪಟ್ಟು ತೆಳುವಾಯಿತು. ಕೊನೆಯದರಿಂದ 0.1 ಮಿ.ಲೀ. ತಟ್ಟೆಗೆ ಸವರಿ. ಪುಡಿ ಲೆಕ್ಕಕ್ಕೆ ಸರಿ ಇದ್ದರೆ ಸುಮಾರು 50 ಚುಕ್ಕೆ ಏಳಬೇಕು. ರೈಜೋಬಿಯಂ ಚುಕ್ಕೆ ಬೆಳ್ಳಗೆ ಉಳಿಯುತ್ತೆ, ಸೇರಿಕೊಂಡ ಬೇರೆ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕೆಂಪಾಗುತ್ತೆ. ಐದೇ ಚುಕ್ಕೆ ಬಂದ್ರೆ ಎರಡು ಮೂರು ತಟ್ಟೆಯಲ್ಲಿ ಮತ್ತೆ ನೋಡಿ, ಆಮೇಲೆ ಅಂಗಡಿಯವರ ಹತ್ರ ಮಾತಾಡಿ. ಇದು ಅಂದಾಜು ಅಷ್ಟೇ, ದೂರು ಕೊಡೋಕೆ ಇಲಾಖೆಯ ಪರೀಕ್ಷೆಯೇ ಬೇಕು.

ಬೆಳೆದ ತಟ್ಟೆಯ ಮುಚ್ಚಳ ತೆರೆಯಬೇಡಿ. ಎಣಿಸಿ ಮುಗಿದ ಮೇಲೆ ಹಾಗೇ ಕುಕ್ಕರಿಗೆ ಹಾಕಿ ಬೇಯಿಸಿ ನಂತರ ತೊಳೆಯಿರಿ. ಆ ಕುಕ್ಕರಿನಲ್ಲಿ ಅನ್ನ ಮಾಡೋ ಹಾಗಿಲ್ಲ, ಮನೆಯವರಿಗೆ ಮೊದಲೇ ಹೇಳಿಬಿಡಿ. ಶೇಂಗಾದ ರೈಜೋಬಿಯಂ ನಿಧಾನಕ್ಕೆ ಬೆಳೆಯೋದು, ಐದರಿಂದ ಏಳು ದಿನ ಬೇಕು. ಆದ್ದರಿಂದ ಬಿತ್ತನೆಗೆ ಎರಡು ವಾರ ಮೊದಲೇ ಒಂದು ಪ್ಯಾಕೆಟ್ ತಂದು ಪರೀಕ್ಷೆಗೆ ಇಡಿ.