ನೆಲಮಾಳಿಗೆಯ ತೇವವೂ ವಾಯುಸಂಚಾರವೂ: ಲಿವರ್‌ಪೂಲಿನ ನೆಲಮನೆಗಳ ಒಂದು ವಿವೇಚನೆ

ಚರಿತ್ರೆಯ ವಿದ್ಯಾರ್ಥಿಗಳು ಕಟ್ಟಡವೊಂದನ್ನು ಸಾಮಾನ್ಯವಾಗಿ ಅದರ ಶಿಖರದಿಂದ ಗುರುತಿಸುತ್ತಾರೆ. ತಳಪಾಯದ ಕಡೆಗೆ ದೃಷ್ಟಿ ಹರಿಸುವವರು ವಿರಳ. ಆದರೆ ಒಂದು ಸಮಾಜವು ತನ್ನ ಬಡಜನರನ್ನು ಹೇಗೆ ನಡೆಸಿಕೊಂಡಿತೆಂಬುದನ್ನು ಅರಿಯಬೇಕಾದರೆ ಗೋಪುರಗಳಿಗಿಂತ ನೆಲಮಾಳಿಗೆಗಳೇ ಉತ್ತಮ ಸಾಕ್ಷಿಗಳೆನ್ನಬಹುದು. ನೆಲದೊಳಗಿನ ಕೋಣೆಯಲ್ಲಿ ತೇವ ಏಕೆ ನಿಲ್ಲುತ್ತದೆ, ಅದನ್ನು ನೀಗುವ ಬಗೆ ಯಾವುದು, ಅದರಲ್ಲಿ ಗಾಳಿಯ ಪಾತ್ರವೆಷ್ಟು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ಶಿಲ್ಪಿಗಳಿಗೆ ಮಾತ್ರ ಸೇರಿದವು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇವೇ ಪ್ರಶ್ನೆಗಳು ಸಾವಿರಾರು ಜನರ ಅಳಿವು ಉಳಿವಿನ ಪ್ರಶ್ನೆಗಳಾಗಿದ್ದವು. ಆ ದೃಷ್ಟಾಂತವನ್ನು ಪರಿಶೀಲಿಸಿ, ಅದರಿಂದ ಇಂದಿಗೂ ಸಲ್ಲುವ ತತ್ತ್ವವೊಂದನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ತೇವದ ಮೂಲಗಳನ್ನು ಬೇರೆಬೇರೆಯಾಗಿ ತಿಳಿಯುವುದು ಅವಶ್ಯಕ. ನೆಲಮಾಳಿಗೆಗೆ ನೀರು ಮೂರು ಮಾರ್ಗಗಳಿಂದ ಬರುತ್ತದೆ. ಮಳೆಯ ನೀರೂ ಅಂತರ್ಜಲವೂ ಗೋಡೆಯ ಬಿರುಕು ಸಂದುಗಳ ಮೂಲಕ ನೇರವಾಗಿ ಒಳನುಗ್ಗುವುದು ಮೊದಲನೆಯ ಮಾರ್ಗ. ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಇಟ್ಟಿಗೆ ಗಾರೆಗಳ ಸೂಕ್ಷ್ಮ ರಂಧ್ರಗಳು ಮಣ್ಣಿನ ತೇವವನ್ನು ಹೀರಿಕೊಳ್ಳುವುದು ಎರಡನೆಯದು. ಗೋಡೆಯ ಮೇಲೆ ಬಿಳಿಯ ಉಪ್ಪು ಪುಡಿಪುಡಿಯಾಗಿ ಕಾಣಿಸಿಕೊಳ್ಳುವುದು ಇದರ ಸಾಮಾನ್ಯ ಲಕ್ಷಣ. ಗಾಳಿಯಲ್ಲಿರುವ ಆವಿಯು ತಣ್ಣನೆಯ ಗೋಡೆಯನ್ನು ತಾಕಿ ಹನಿಗಟ್ಟುವುದು ಮೂರನೆಯದು. ಈ ಆವಿಯು ಹೊರಗಿನಿಂದ ಬರಬಹುದು. ಒಳಗಿರುವವರ ಉಸಿರು, ಅಡಿಗೆ, ಬಟ್ಟೆ ಒಣಗಿಸುವಿಕೆಗಳಿಂದಲೂ ಹುಟ್ಟಬಹುದು. ಈ ಮೂರಕ್ಕೂ ಒಂದೇ ಚಿಕಿತ್ಸೆಯಿಲ್ಲವೆಂಬುದು ಮುಂದಿನ ವಿವೇಚನೆಗೆ ಆಧಾರ.

ಈಗ ಲಿವರ್‌ಪೂಲಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ರೇವುಪಟ್ಟಣವು ವಾಣಿಜ್ಯದಿಂದ ಅತಿಶಯವಾಗಿ ಬೆಳೆಯಿತು. ಆದರೆ ದುಡಿಯುವ ಜನರಿಗೆ ಮನೆಗಳು ಸಾಲದೆ ಹೋದವು. ಸಹಸ್ರಾರು ಮಂದಿ ಮನೆಗಳ ಕೆಳಗಿನ ನೆಲಮಾಳಿಗೆಗಳನ್ನು ಬಾಡಿಗೆಗೆ ಹಿಡಿದು ಸಂಸಾರ ಹೂಡಿದರು. ಅಲ್ಲಿನ ವೈದ್ಯನಾದ ವಿಲಿಯಂ ಹೆನ್ರಿ ಡಂಕನ್ (1805–1863) ಈ ನೆಲಮನೆಗಳನ್ನು ಕಣ್ಣಾರೆ ಕಂಡು 1840ರ ದಶಕದಲ್ಲಿ ವಿವರವಾಗಿ ವರ್ಣಿಸಿದನು. ಹತ್ತು ಹನ್ನೆರಡು ಅಡಿ ಚೌಕದ ಕೋಣೆ. ಎಷ್ಟೋ ಕಡೆ ಆರು ಅಡಿಗೂ ಕಡಿಮೆಯಾದ ಎತ್ತರ. ಕೆಲವೆಡೆ ಕಲ್ಲುಹಾಸೂ ಇಲ್ಲದ ಬರಿಯ ಮಣ್ಣಿನ ನೆಲ. ಅನೇಕ ವೇಳೆ ಕಿಟಕಿಯೇ ಇಲ್ಲದೆ, ಬಾಗಿಲಿನಿಂದ ಬಂದಷ್ಟೇ ಗಾಳಿ ಬೆಳಕು. ಅಂಗಳದ ಕೊಳಚೆ ನೀರು ಗೋಡೆಗಳ ಮೂಲಕ ಒಳಕ್ಕೆ ಜಿನುಗುತ್ತಿದ್ದುದೂ ಉಂಟು. ಮೇಲೆ ಹೇಳಿದ ಮೂರು ಮಾರ್ಗಗಳೂ ಇಲ್ಲಿ ಏಕಕಾಲದಲ್ಲಿ ತೆರೆದಿದ್ದವೆಂಬುದು ಸ್ಪಷ್ಟ. 1847ರಲ್ಲಿ ಡಂಕನ್ ಬ್ರಿಟನ್ನಿನ ಮೊತ್ತಮೊದಲನೆಯ ನಗರ ಆರೋಗ್ಯಾಧಿಕಾರಿಯಾಗಿ ನಿಯುಕ್ತನಾದನು.

ಇಂಥ ಅನುಭವಗಳ ಫಲವಾಗಿ ಕಾನೂನು ರೂಪುಗೊಂಡಿತು. 1848ರ ಸಾರ್ವಜನಿಕ ಆರೋಗ್ಯ ಶಾಸನದಲ್ಲಿ ಬಹುಮಟ್ಟಿಗೆ ಸಿದ್ಧವಾದ ನಿಬಂಧನೆಗಳು 1875ರ ಶಾಸನದಲ್ಲಿ ಸ್ಥಿರವಾದವು. ಹೊಸದಾಗಿ ಕಟ್ಟಿದ ನೆಲಮಾಳಿಗೆಯನ್ನು ವಾಸಕ್ಕೆ ಕೊಡುವುದನ್ನು ಈ ಶಾಸನವು ನಿಷೇಧಿಸಿತು. ಹಿಂದಿನಿಂದ ವಾಸಕ್ಕೆ ಕೊಟ್ಟಿದ್ದವುಗಳಿಗೆ ಕೆಲವು ಅಳತೆಗಳನ್ನು ವಿಧಿಸಿತು. ಕೋಣೆಯ ಎತ್ತರ 7 ಅಡಿಗೆ ಕಡಿಮೆಯಿರಬಾರದು. ಅದರಲ್ಲಿ 3 ಅಡಿಯಾದರೂ ಬೀದಿಯ ಮಟ್ಟಕ್ಕಿಂತ ಮೇಲಿರಬೇಕು. ಮುಂಭಾಗದ ಉದ್ದಕ್ಕೂ ಎರಡೂವರೆ ಅಡಿ ಅಗಲದ ತೆರೆದ ಕಂದಕವಿರಬೇಕು. ಅದು ಕೋಣೆಯ ನೆಲಕ್ಕಿಂತ 6 ಅಂಗುಲ ಕೆಳಗಿನಿಂದ ಬೀದಿಯ ಮಟ್ಟದವರೆಗೆ ಬಯಲಾಗಿರಬೇಕು. ನೀರು ಹರಿದುಹೋಗುವ ಚರಂಡಿಯ ಮೇಲಂಚು ಸಹ ನೆಲಕ್ಕಿಂತ 1 ಅಡಿಯಾದರೂ ಕೆಳಗಿರಬೇಕು. ಹೊಗೆಗೂಡುಳ್ಳ ಒಲೆಯೂ, ತೆರೆಯಲು ಬರುವ 9 ಚದರಡಿಯ ಕಿಟಕಿಯೂ ಇರಬೇಕು.

ಈ ಅಳತೆಗಳನ್ನು ಒಣ ನಿಬಂಧನೆಗಳೆಂದು ಓದಿ ಬಿಡಬಾರದು. ಒಂದೊಂದರ ಹಿಂದೆಯೂ ಒಂದು ಭೌತಿಕ ಕಾರಣವಿದೆ. ಚರಂಡಿಯು ನೆಲಕ್ಕಿಂತ ಕೆಳಗಿದ್ದರೆ ನೀರು ಕೋಣೆಯನ್ನು ಮುಟ್ಟುವ ಮೊದಲೇ ಇಳಿದುಹೋಗುತ್ತದೆ. ಕಂದಕವು ಮುಂಗೋಡೆಯನ್ನು ಒದ್ದೆಮಣ್ಣಿನಿಂದ ಬಿಡಿಸಿ ಗಾಳಿಗೆ ಒಡ್ಡುತ್ತದೆ. ಗೋಡೆ ಹೀರಿದ ತೇವವು ಹೊರಮುಖವಾಗಿಯೇ ಆರಿಹೋಗುತ್ತದೆ. ಒಲೆಯ ಬಿಸಿಗಾಳಿ ಹೊಗೆಗೂಡಿನಲ್ಲಿ ಮೇಲೇರುವಾಗ ಕೋಣೆಯ ಗಾಳಿಯನ್ನು ತನ್ನೊಡನೆ ಸೆಳೆಯುತ್ತದೆ; ಆ ತೆರವನ್ನು ತುಂಬಲು ಕಿಟಕಿಯಿಂದ ಹೊಸ ಗಾಳಿ ಬರುತ್ತದೆ. ಆವಿ ಹೊರಗೆ ಹೋಗುವುದರ ಜೊತೆಗೆ ಗೋಡೆಯೂ ಬೆಚ್ಚಗಾಗುವುದರಿಂದ ಹನಿಗಟ್ಟುವಿಕೆ ತಗ್ಗುತ್ತದೆ. ಹೀಗೆ ಮೂರು ರೋಗಗಳಿಗೂ ಈ ಶಾಸನದಲ್ಲಿ ಬೇರೆಬೇರೆ ಮದ್ದುಗಳಿವೆ. ಇಷ್ಟನ್ನೆಲ್ಲ ವಿಧಿಸಿದವರಲ್ಲಿ ಬಹುಮಂದಿ ಕೊಳೆತ ವಸ್ತುಗಳಿಂದೇಳುವ ದುರ್ವಾಯುವೇ ರೋಗಕ್ಕೆ ಕಾರಣವೆಂದು ನಂಬಿದವರು. ಆ ನಂಬಿಕೆ ತಪ್ಪಾಗಿದ್ದರೂ ಅದರಿಂದ ಹೊರಟ ಉಪಾಯಗಳು ಬಹುಪಾಲು ಸರಿಯಾಗಿದ್ದವು.

ಆದರೆ ಇದರಲ್ಲಿ ಒಂದು ಕೊರತೆಯುಂಟು. 1847ರಲ್ಲಿ ಐರ್ಲೆಂಡಿನ ಕ್ಷಾಮದಿಂದ ಪಾರಾಗಿ ಬಂದ ಜನರಿಂದ ಲಿವರ್‌ಪೂಲು ಕಿಕ್ಕಿರಿದಿತ್ತು; ಟೈಫಸ್ ಜ್ವರ ಊರನ್ನು ಆವರಿಸಿತ್ತು. ಅದೇ ಕಾಲದಲ್ಲಿ ಅಧಿಕಾರಿಗಳು ನೆಲಮನೆಗಳಿಂದ ಸಾವಿರಾರು ಮಂದಿಯನ್ನು ಹೊರಹಾಕಿದರು. ಆದರೆ ಅವರಿಗೆ ಬೇರೆ ಮನೆಗಳನ್ನು ಒದಗಿಸಲಿಲ್ಲ. ಹೊರಬಿದ್ದವರು ಈಗಾಗಲೇ ತುಂಬಿದ್ದ ಇತರ ಬಡಮನೆಗಳಿಗೆ ಹೋಗಿ ಸೇರಬೇಕಾಯಿತು. ಟೈಫಸ್ಸನ್ನು ಹರಡುವುದು ಮೈಹೇನು ಎಂಬುದನ್ನು ಷಾರ್ಲ್ ನಿಕೋಲ್ 1909ರಲ್ಲಿ ತೋರಿಸಿದನು. ಈ ಅರಿವಿನ ಬೆಳಕಿನಲ್ಲಿ ನೋಡಿದರೆ, ಜನಸಂದಣಿಯನ್ನು ಹೆಚ್ಚಿಸುವ ಯಾವ ಕ್ರಮವೂ ಆ ಜ್ವರಕ್ಕೆ ಅನುಕೂಲವೇ ಆಗತಕ್ಕದ್ದು. ಗೋಡೆಯ ತೇವವನ್ನು ನೋಡಿದ ಕಣ್ಣು ಗೋಡೆಯೊಳಗಿನ ಮನುಷ್ಯನ ಗತಿಯನ್ನು ಪೂರ್ತಿಯಾಗಿ ನೋಡಲಿಲ್ಲವೆಂದು ಹೇಳಬೇಕಾಗುತ್ತದೆ.

ಇಲ್ಲಿ ಮತ್ತೊಂದು ಸಂಗತಿ ಗಮನಾರ್ಹ. ತೇವವನ್ನು ತಡೆಯುವ ವಿದ್ಯೆ ಹತ್ತೊಂಬತ್ತನೆಯ ಶತಮಾನದ ಆವಿಷ್ಕಾರವಲ್ಲ. ಕ್ರಿ.ಪೂ. ಮೊದಲನೆಯ ಶತಮಾನದ ರೋಮನ್ ಶಿಲ್ಪಿ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಏಳನೆಯ ಭಾಗದಲ್ಲಿ ಇದನ್ನು ವಿಶದಪಡಿಸಿದ್ದಾನೆ. ತೇವದ ಗೋಡೆಗೆ ನೆಲದಿಂದ ಸುಮಾರು ಮೂರು ಅಡಿಯವರೆಗೆ ಮರಳಿನ ಬದಲು ಹೆಂಚಿನ ಪುಡಿ ಬೆರೆಸಿದ ಗಾರೆಯನ್ನು ಬಳಿಯಬೇಕೆಂದು ಅವನು ವಿಧಿಸುತ್ತಾನೆ. ಇದು ನಮ್ಮ ಸುರ್ಕಿ ಗಾರೆಯ ಜಾತಿಗೇ ಸೇರಿದುದು. ಕನ್ನಂಬಾಡಿಯ ಅಣೆಕಟ್ಟನ್ನು ಕಟ್ಟಿದ್ದು ಸಹ ಸುರ್ಕಿ ಗಾರೆಯಿಂದಲೇ. ಗೋಡೆಯಲ್ಲಿ ಸದಾ ತೇವವಿದ್ದರೆ ಅದರಿಂದ ಸ್ವಲ್ಪ ಅಂತರದಲ್ಲಿ ಇನ್ನೊಂದು ತೆಳುಗೋಡೆಯನ್ನೆಬ್ಬಿಸಿ, ನಡುವೆ ಕೋಣೆಯ ನೆಲಕ್ಕಿಂತ ತಗ್ಗಾದ ಕಾಲುವೆಯನ್ನಿರಿಸಿ, ಕೆಳಗೂ ಮೇಲೂ ಗಾಳಿಗಂಡಿಗಳನ್ನು ಬಿಡಬೇಕೆಂದೂ ಅವನು ಹೇಳುತ್ತಾನೆ. ಅಂದರೆ ಲಿವರ್‌ಪೂಲಿನ ನೆಲಮನೆಗಳಲ್ಲಿ ಇಲ್ಲದಿದ್ದುದು ಜ್ಞಾನವಲ್ಲ. ಶ್ರೀಮಂತರ ಭೋಜನಶಾಲೆಗೆ ಸಲ್ಲುತ್ತಿದ್ದ ಜ್ಞಾನವನ್ನು ಕೂಲಿಕಾರನ ಕೋಣೆಗೂ ಸಲ್ಲಿಸಬೇಕೆಂಬ ಇಚ್ಛೆ.

ಇನ್ನು ವಾಯುಸಂಚಾರದ ಮಿತಿಯನ್ನು ವಿಚಾರಿಸಬೇಕು. ಕಿಟಕಿ ತೆರೆದರೆ ತೇವ ಹೋಗುವುದೆಂಬುದು ಸರ್ವಸಾಧಾರಣವಾದ ನಂಬಿಕೆ. ಇದು ಎಲ್ಲ ಕಾಲದಲ್ಲೂ ನಿಜವಲ್ಲ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರು ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿಯನ್ನು ಧರಿಸಬಲ್ಲುದು. ಅದರ ಸಾಪೇಕ್ಷ ಆರ್ದ್ರತೆ ಶೇಕಡ 80 ಆಗಿದ್ದರೆ ಅದರಲ್ಲಿರುವ ಆವಿ ಸುಮಾರು 24 ಗ್ರಾಂ. ಅದೇ ಗಾಳಿ ನೆಲಮಾಳಿಗೆಗೆ ಇಳಿದು 25 ಡಿಗ್ರಿಯ ಗೋಡೆಯನ್ನು ತಾಕಿತೆನ್ನೋಣ. ಆ ಉಷ್ಣತೆಯಲ್ಲಿ ಗಾಳಿ ಧರಿಸಬಲ್ಲುದು ಸುಮಾರು 23 ಗ್ರಾಂ ಮಾತ್ರ. ಉಳಿದುದು ನೀರಾಗಿ ಗೋಡೆಗೆ ಅಂಟುತ್ತದೆ. ಹೊರಗಿನ ಗಾಳಿ ಒಣದಾಗಿಯೋ ತಂಪಾಗಿಯೋ ಇರುವಾಗ ತೆರೆದ ಕಿಟಕಿ ತೇವವನ್ನು ಹೊರಗೊಯ್ಯುತ್ತದೆ. ಮಳೆಗಾಲದ ಬೆಚ್ಚನೆಯ ಒದ್ದೆಗಾಳಿಗೆ ತೆರೆದ ಅದೇ ಕಿಟಕಿ ತೇವವನ್ನು ಒಳಗೆ ತರುತ್ತದೆ. ಜರ್ಮನಿಯ ಮ್ಯಾಕ್ಸ್ ಫಾನ್ ಪೆಟ್ಟನ್‌ಕೋಫರನು ವಾಸಗೃಹಗಳ ವಾಯುವಿನಿಮಯವನ್ನು ಕುರಿತು 1858ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮಾಲಿನ್ಯದ ಮೂಲವನ್ನು ತೆಗೆಯದೆ ಗಾಳಿಯೊಂದರಿಂದಲೇ ಶುದ್ಧಿಯನ್ನು ಬಯಸಬಾರದೆಂದು ವಾದಿಸಿದನು. ಆ ಮಾತು ತೇವಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಆದುದರಿಂದ ಚಿಕಿತ್ಸೆಗೆ ಮುನ್ನ ರೋಗನಿರ್ಣಯವಾಗಬೇಕು. ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಗೋಡೆಯ ಮೇಲ್ಮೈಯನ್ನು ಒರಸಿ ಒಣಗಿಸಿ, ಒಂದಡಿ ಚೌಕದ ಅಲ್ಯುಮಿನಿಯಂ ಹಾಳೆಯ ನಾಲ್ಕು ಅಂಚುಗಳನ್ನೂ ಭದ್ರವಾಗಿ ಅಂಟಿಸಿ ಎರಡು ದಿನ ಬಿಡಬೇಕು. ಹಾಳೆಯ ಕೋಣೆಯ ಕಡೆಯ ಮುಖದಲ್ಲಿ ಹನಿಗಳಿದ್ದರೆ ತೇವ ಗಾಳಿಯಿಂದ ಬಂದದ್ದು. ಗೋಡೆಯ ಕಡೆಯ ಮುಖದಲ್ಲಿದ್ದರೆ ಗೋಡೆಯಿಂದ ಬಂದದ್ದು. ಎರಡೂ ಕಡೆ ಇದ್ದರೆ ಎರಡೂ ಕಾರಣಗಳುಂಟೆಂದು ತಿಳಿಯಬೇಕು.

ಪರಿಹಾರಗಳ ಕ್ರಮವೂ ಇದರಿಂದ ತಾನಾಗಿ ಏರ್ಪಡುತ್ತದೆ. ಮೊದಲು ನೀರು: ಮಾಳಿಗೆಯ ನೀರನ್ನು ಕೊಳವೆಯಿಂದ ತಳಪಾಯದ ಬುಡಕ್ಕೆ ಬೀಳಿಸದೆ ದೂರಕ್ಕೆ ಸಾಗಿಸಬೇಕು, ಸುತ್ತಲಿನ ನೆಲಕ್ಕೆ ಗೋಡೆಯಿಂದ ಹೊರಗೆ ಇಳಿಜಾರು ಕೊಡಬೇಕು, ಅಗತ್ಯವಿದ್ದೆಡೆ ನೆಲಕ್ಕಿಂತ ಕೆಳಗೆ ಚರಂಡಿ ತೋಡಬೇಕು. ಅನಂತರ ಗೋಡೆ: ಬಿರುಕುಗಳನ್ನು ಮುಚ್ಚಿ, ಸಾಧ್ಯವಾದರೆ ಹೊರಮೈಗೇ ನೀರುತಡೆಯ ಲೇಪವನ್ನು ಕೊಡಬೇಕು. ಒಳಮೈಗೆ ಮಾತ್ರ ಬಣ್ಣ ಬಳಿದರೆ ಹಿಂದಿನಿಂದ ಒತ್ತುವ ನೀರು ಅದನ್ನು ಪೊರೆಪೊರೆಯಾಗಿ ಎಬ್ಬಿಸುತ್ತದೆ. ಕಡೆಯದಾಗಿ ಗಾಳಿ: ಎದುರುಬದಿರಾದ ಎರಡು ಗಂಡಿಗಳು, ಒಂದು ನೆಲದ ಬಳಿ, ಒಂದು ಚಾವಣಿಯ ಬಳಿ ಇರುವುದು ಲೇಸು. ಅಡಿಗೆಯ ಆವಿಯನ್ನು ಹುಟ್ಟಿದಲ್ಲಿಯೇ ಪಂಖದಿಂದ ಹೊರದೂಡಬೇಕು. ಒದ್ದೆಗಾಳಿಯ ದಿನಗಳಲ್ಲಿ ಗಂಡಿಗಳನ್ನು ಕಿರಿದುಮಾಡಿ, ಗಾಳಿಯ ತೇವವನ್ನು ಹೀರುವ ಯಂತ್ರವನ್ನು ಬಳಸಬಹುದು. ಆದರೆ ಜನರಿರುವ ಕೋಣೆಯನ್ನು ಪೂರ್ತಿಯಾಗಿ ಮುಚ್ಚಬಾರದು. ಸಾಪೇಕ್ಷ ಆರ್ದ್ರತೆ ಶೇಕಡ 60ರ ಒಳಗಿದ್ದರೆ ಬೂಷ್ಟಿನ ಭಯ ಕಡಿಮೆ. ತೇವ ಆರಿಸಲೆಂದು ಮುಚ್ಚಿದ ನೆಲಮಾಳಿಗೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಿಡುವುದು ಮಾತ್ರ ಎಂದಿಗೂ ಕೂಡದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡು ವಾಸನೆಯೂ ತೋರದೆ ಪ್ರಾಣ ತೆಗೆಯುತ್ತದೆ.

ಈ ವಿಷಯ ನಮಗೆ ದೂರದ್ದಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಅನೇಕ ಕಟ್ಟಡಗಳ ನೆಲಮಾಳಿಗೆಗಳು ನೀರು ತುಂಬಿ ಕೆರೆಗಳಂತಾದವು. ವಾಹನಗಳಿಗೆಂದು ತೋಡಿದ ನೆಲಮಾಳಿಗೆಯ ಮೂಲೆಯಲ್ಲಿ ಕಾವಲುಗಾರನ ಸಂಸಾರ ವಾಸಿಸುವುದನ್ನು ನಮ್ಮ ನಗರಗಳಲ್ಲಿಯೂ ಕಾಣಬಹುದು. ಆ ಮೂಲೆಗೆ ಎಷ್ಟು ಅಡಿ ಎತ್ತರ, ಎಷ್ಟು ಚದರಡಿ ಕಿಟಕಿ, ಚರಂಡಿ ಎಷ್ಟು ಕೆಳಗೆ ಎಂದು ಅಳೆದು ನೋಡಿದರೆ, 1875ರ ಶಾಸನ ಕೇಳಿದಷ್ಟಾದರೂ ಅಲ್ಲಿ ಇದೆಯೇ ಎಂಬುದು ಗೊತ್ತಾಗುತ್ತದೆ. ನೀರನ್ನು ದೂರವಿಡುವುದು, ಗೋಡೆಯನ್ನು ಕಾಯುವುದು, ಗಾಳಿಯನ್ನು ಕಾಲವರಿತು ಆಡಿಸುವುದು ಎಂಬ ಈ ಕ್ರಮ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದು ಯಾರ ಕೋಣೆಗೆ ಸಲ್ಲುತ್ತದೆಂಬುದನ್ನು ಮಾತ್ರ ಪ್ರತಿಯೊಂದು ಕಾಲವೂ ಹೊಸದಾಗಿ ನಿರ್ಧರಿಸಬೇಕಾಗಿದೆ.