ಕಡಲು ಹಿಂದೆ ಸರಿದಾಗ: ನರಾರಾದ ಹವಳದ ದಂಡೆ

ಹವಳದ ಜೀವಿಗಳನ್ನು ನೋಡಲು ಸಮುದ್ರದಲ್ಲಿ ಮುಳುಗಲೇಬೇಕೆಂದಿಲ್ಲ. ಗುಜರಾತಿನ ಕಚ್ ಕೊಲ್ಲಿಯ ದಕ್ಷಿಣ ದಂಡೆಯಲ್ಲಿ, ವಾಡಿನಾರ್ ಸಮೀಪದ ನರಾರಾದಲ್ಲಿ ನೀವು ನಡೆದುಕೊಂಡೇ ಹೋಗಿ ಅವನ್ನು ಕಾಣಬಹುದು. 1982ರಲ್ಲಿ ಘೋಷಿತವಾದ ಇಲ್ಲಿನ ಸಾಗರ ರಾಷ್ಟ್ರೀಯ ಉದ್ಯಾನ ಭಾರತದಲ್ಲಿ ಆ ಬಗೆಯ ಮೊದಲನೆಯದು. ಇಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿಯೊಂದೇ ಸಾಲದು. ಚಂದ್ರನ ಅನುಮತಿಯೂ ಬೇಕು!

ಮಂಗಳೂರಿನ ಕಡಲಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ಎತ್ತರದ ಅಂತರ ಸಾಮಾನ್ಯವಾಗಿ ಒಂದೂವರೆ ಮೀಟರಿನೊಳಗೇ ಇರುತ್ತದೆ. ಕಚ್ ಕೊಲ್ಲಿಯಾದರೋ ಬಾಯಿ ಅಗಲ, ಒಳಹೋದಂತೆ ಕಿರಿದು, ಆಳವೂ ಕಡಿಮೆ. ಆಲಿಕೆಯೊಳಗೆ ನುಗ್ಗಿದಂತೆ ಬರುವ ಉಬ್ಬರದ ಅಲೆ ಇಕ್ಕಟ್ಟಾದಷ್ಟೂ ಎತ್ತರವಾಗುತ್ತದೆ. ಒಳಭಾಗದ ಕಾಂಡ್ಲಾದಲ್ಲಿ ಈ ಅಂತರ ಆರು ಮೀಟರನ್ನೂ ದಾಟುವುದುಂಟು. ಇಷ್ಟು ನೀರು ಇಳಿದಾಗ ಚಪ್ಪಟೆಯಾದ ದಂಡೆ ಬಹುದೂರದವರೆಗೆ ಬಯಲಾಗುತ್ತದೆ.

ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಪ್ರಭಾವ ಕೂಡಿಕೊಳ್ಳುವುದರಿಂದ ಇಳಿತವೂ ಹೆಚ್ಚು. ಅಂಥ ದಿನವನ್ನೇ ಆರಿಸಿಕೊಳ್ಳಿ. ಇಳಿತದ ವೇಳೆ ದಿನವೂ ಸರಾಸರಿ 50 ನಿಮಿಷ ಮುಂದಕ್ಕೆ ಹೋಗುತ್ತದೆಂಬುದು ನೆನಪಿರಲಿ. ನಿನ್ನೆ ಹೋಗಿ ಬಂದವರ ಗಡಿಯಾರ ನಿಮಗೆ ಇಂದು ಸಲ್ಲದು.

ಇನ್ನು ಹಿಂದಿರುಗುವ ವೇಳೆ. ನೀರು ಒಂದೇ ವೇಗದಲ್ಲಿ ಏರುತ್ತದೆಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಅದರ ಏರಿಳಿತ ಸ್ಥೂಲವಾಗಿ ಸರಳ ಸಂಗತ ಚಲನೆ. ಒಟ್ಟು ಏರಿಕೆ 4 ಮೀಟರ್, ಅವಧಿ ಆರು ಗಂಟೆ ಎಂದಿಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ ನೀರು ಏರುವುದು ಬರೇ 27 ಸೆಂ.ಮೀ. ಮೂರನೆಯ ಗಂಟೆಯಲ್ಲಿ? ಪೂರ್ತಿ ಒಂದು ಮೀಟರ್! ದಂಡೆಯ ಇಳಿಜಾರು 500ಕ್ಕೆ 1 ಇದ್ದರೆ ನೀರಿನ ಅಂಚು ಆ ಒಂದು ಗಂಟೆಯಲ್ಲಿ ಅರ್ಧ ಕಿಲೋಮೀಟರ್ ಒಳಬರುತ್ತದೆ. ಇದಕ್ಕಿಂತ ವೇಗವಾಗಿ ನಾವು ನಡೆಯಬಲ್ಲೆವು, ನಿಜ. ಆದರೆ ದಂಡೆ ಇಸ್ತ್ರಿ ಮಾಡಿದ ಬಟ್ಟೆಯಲ್ಲ. ನಿಮ್ಮ ಬೆನ್ನ ಹಿಂದಿನ ತಗ್ಗು ಕಾಲುವೆಗಳು ಮೊದಲು ತುಂಬಿ, ನೀವು ನಿಂತ ದಿಬ್ಬವನ್ನು ದ್ವೀಪವಾಗಿಸುತ್ತವೆ. ಆದ್ದರಿಂದ ನೀರು ಇನ್ನೂ ಇಳಿಯುತ್ತಿರುವಾಗಲೇ ದಂಡೆಗಿಳಿದು, ಅದು ತಿರುಗಿದ ಕೂಡಲೇ ಮಾರ್ಗದರ್ಶಿಯ ಜೊತೆ ಹೊರಡಬೇಕು. ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರಿಗೆ ಇದು ಮುಖ್ಯ.

ಹೊಂಡಗಳಲ್ಲಿ ಕಾಲಿಡುವ ಮುನ್ನ ಕೋಲಿನಿಂದ ಆಳ ನೋಡಿ. ವಕ್ರೀಭವನದಿಂದಾಗಿ, ನೇರವಾಗಿ ಮೇಲಿನಿಂದ ನೋಡಿದಾಗ 60 ಸೆಂ.ಮೀ. ಆಳ 45ರಂತೆ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಅಲ್ಲಿ ನಕ್ಷತ್ರಮೀನು, ಏಡಿ, ಅದೃಷ್ಟವಿದ್ದರೆ ಅಷ್ಟಪಾದಿಯೂ ಕಂಡೀತು.

ಹವಳಗಳ ಮೇಲೆ ಮಾತ್ರ ಕಾಲಿಡಬೇಡಿ. ಕಲ್ಲಿನಂತೆ ತೋರುವ ಆ ಗೂಡಿನ ಹೊರಮೈಯಲ್ಲೇ ಮೃದುವಾದ ಜೀವಿಗಳಿವೆ. ನೀರಿಳಿದ ಗಳಿಗೆಯಲ್ಲಿ ಅವು ಬಿಸಿಲಿಗೂ ಗಾಳಿಗೂ ಒಡ್ಡಿಕೊಂಡು ಮೊದಲೇ ಬಳಲಿರುತ್ತವೆ. ಕಲ್ಲುಗಳನ್ನು ಮಗುಚಿ ನೋಡುವ ಆಸೆಯನ್ನೂ ತಡೆಯಿರಿ. ಅಡಿಯಲ್ಲಿ ನೆರಳು, ತೇವ ನಂಬಿ ಕುಳಿತ ಜೀವಿಗಳು ಉಬ್ಬರ ಮರಳುವವರೆಗೆ ಬಿಸಿಲಲ್ಲಿ ಬದುಕಿ ಉಳಿಯಲಾರವು.